ಏಳನೇ ನಂಬರಿನ ಹೂಂ

ಫೆಬ್ರವರಿ 3, ಮಂಗಳವಾರ

ಅದಕ್ಕೇ ಹೇಳಿದ್ದು, ನನ್ನ ಗಂಟಲಿಗೆ ಏನೂ ಆಗಿಲ್ಲ, ಸುಮ್ಮನೆ ಕಟ್ಟಿಕೊಂಡಿದೆ ಅಂತ. ಯಾರೂ ಕೇಳಲಿಲ್ಲ. ಈಗ ಹೇಳೋಣವೆಂದರೆ ಮಾತೇ ಆಡಬಾರದಂತೆ. ಪಿಸುಮಾತೂ ಕೂಡದಂತೆ, ಪಿಸುಗುಟ್ಟಿದರೆ ಇನ್ನೂ ಜಾಸ್ತಿ ಹಿಂಡಿಕೊಳ್ಳುತ್ತದಂತೆ. ಅದಕ್ಕೇ ಈ ಪುಸ್ತಕ. ಬಾಯಿಗೆ ಬೀಗ ಹಾಕಿದರೆ ಮಾತು ಎಲ್ಲಿಗಾದರೂ ಇಳಿಯಬೇಕಲ್ಲ, ಕೈಗೆ ಇಳಿದಿದೆ.

ಇವತ್ತು ಗಂಟಲು ಡಾಕ್ಟರು ಮೂಗಿನೊಳಗಿಂದ ಕ್ಯಾಮೆರಾದ ಪೈಪು ಬಿಟ್ಟು ಟೀವಿಯಲ್ಲಿ ತೋರಿಸಿದರು. ಎರಡು ಬಿಳೀ ತಂತು, ದನಿ ಹುಟ್ಟುವುದು ಅಲ್ಲೇ ಅಂತೆ. ಎರಡರ ಮೇಲೂ ಎದುರುಬದುರಾಗಿ ಒಂದೊಂದು ಪುಟ್ಟ ಗಂಟು. ನೋಡಿದರೆ ಅಕ್ಕಿಕಾಳಿಗಿಂತ ಸಣ್ಣವು.

"ಹೊಸ ಚಪ್ಪಲಿ ಕಚ್ಚಿದ ಜಾಗ ಉಜ್ಜಿ ಉಜ್ಜಿ ದಪ್ಪ ಆಗಲ್ವಾ, ಹಾಗೇ ಇದು. ಕೂಗೋ ಕೆಲಸಾನಾ ನಿಂದು?"

"ಬಸ್ ಸ್ಟ್ಯಾಂಡಲ್ಲಿ ಅನೌನ್ಸ್‌ಮೆಂಟು."

"ಮೈಕ್ ಇರುತ್ತಲ್ಲ. ಮತ್ತೆ ಯಾಕೆ ಕೂಗ್ತೀಯ?"

ಕೂಗಲ್ಲ ಸಾರ್, ಹಾಡೋ ಥರ ಹೇಳ್ತೀನಿ ಅನ್ನಬೇಕೆಂದುಕೊಂಡೆ. ಪೈಪು ಮೂಗಲ್ಲಿತ್ತು.

ಆ ಥರ ಅಂದರೆ ರೇಷ್ಮಕ್ಕನ ಥರ. ಅಕ್ಕನ ಹಾಡು ಕೇಳದವರು ಊರಲ್ಲಿ ಯಾರಿದ್ದಾರೆ? ದನಿ ರೇಷ್ಮೆಯಂತಿದೆ ಅಂತ ಯಾರೋ ಅಂದರು, ಹೆಸರು ಅಂಟಿಕೊಂಡಿತು. ಅಕ್ಕ ರೇಷ್ಮೆಯಾದರೆ ಅಭಿಮಾನಿಗಳಾದ ನಾವು ಹುಳಗಳು. ನಮ್ಮ ಚಾಟ್ ಗ್ರೂಪು ಗೂಡು. ಅದರ ಅಡ್ಮಿನ್ನು ದೊಡ್ಡಹುಳ. ಮೈಕಿನ ಮುಂದೆ ಕೂರುವವಳಾದ್ದರಿಂದ ನಾನು ಅಲ್ಲಿ 'ಮೈಕು'. ಹೋದ ವರ್ಷ ಗೂಡಿನಲ್ಲಿ ಒಂದು ಆಟ ಆಡಿದ್ದೆವು. ಅಕ್ಕನ ದನಿಯ ಐದು ತುಣುಕು ಹಾಕಿ, ಒಂದು ಮಾತ್ರ ನಕಲಿ, ಹುಡುಕಿ ಅಂತ. ನಕಲಿ ನಂದು. ಒಬ್ಬರೂ ಹಿಡಿಯಲಿಲ್ಲ. ದೊಡ್ಡಹುಳವಂತೂ ನನ್ನದನ್ನೇ 'ಅಪ್ಪಟ ಅಕ್ಕ' ಅಂದಿತ್ತು. ಅವತ್ತಿನಿಂದ ಮೈಕಿನಲ್ಲಿ ನಾನು ನನ್ನ ಹಾಗೆ ಮಾತಾಡಿದ್ದೇ ಇಲ್ಲ. "ಪ್ರಯಾಣಿಕರ ಗಮನಕ್ಕೆ" ಅನ್ನುವುದನ್ನು ಅಕ್ಕ ಪಲ್ಲವಿ ಎತ್ತಿಕೊಂಡ ಹಾಗೆ ಎತ್ತಿಕೊಳ್ಳುತ್ತೇನೆ.

ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಸಾರ್ ಡಾಕ್ಟರು ಕೊಟ್ಟ ಚೀಟಿ ನೋಡಿದರು. "ದನಿ ಪರೀಕ್ಷೆ ಮಾಡಿಸ್ಕೊಂಡು, ಸರಿಯಾಗಿದೆ ಅಂತ ಬರೆಸ್ಕೊಂಡು ಬಾಮ್ಮ. ಮೈಕ್ ನಿನ್ನದೇ. ಬರೆಸ್ಕೊಳ್ದೆ ಮಾತ್ರ ಬರಬೇಡ, ನನ್ನ ಮೇಲೂ ಜನ ಇದಾರೆ."

ಬರೆಸಿಕೊಂಡು ಹೋಗದೆ ಬಿಡುತ್ತೇನಾ. ಆ ಮೈಕಿಲ್ಲದೆ ನಾನು ಬರೀ ಟಿಕೆಟ್ ಹರಿಯುವವಳ ಪಕ್ಕದ ಕುರ್ಚಿ.

ಫೆಬ್ರವರಿ 6, ಶುಕ್ರವಾರ

ದನಿ ಪರೀಕ್ಷೆ ಆಯಿತು. ಆಸ್ಪತ್ರೆಯ ಹಿಂಬದಿಯ ಕೋಣೆ. ಗೋಡೆಗೆಲ್ಲ ಮೊಟ್ಟೆ ಟ್ರೇಯಂಥ ಬೂದು ಸ್ಪಂಜು, ಮಧ್ಯೆ ಒಂದು ಮೈಕು, ಒಂದು ಕಂಪ್ಯೂಟರು, ಪರೀಕ್ಷೆ ಮಾಡುವ ಮೇಡಂ. ಮೇಡಂ ಮೆತ್ತಗೆ ಮಾತಾಡುತ್ತಾರೆ. ಕೇಳಿಸಿಕೊಳ್ಳಲು ನಾವೇ ಬಗ್ಗಬೇಕು.

ಮೊದಲು ಉಸಿರು ಎಳೆದುಕೊಂಡು 'ಸ್' ಅಂತ ಆದಷ್ಟು ಹೊತ್ತು ಎಳೆಯಬೇಕು. ಎಳೆದೆ. ಟೈರಿನ ಗಾಳಿ ಬಿಟ್ಟ ಹಾಗೆ ಎಷ್ಟೋ ಹೊತ್ತು ಬಂತು. ಖುಷಿಯಾಯಿತು.

"ಈಗ ಝ್ ಅಂತ ಎಳಿ."

"ಜ."

"ಜ ಅಲ್ಲಮ್ಮ, ಝ್."

"ಜ್. ಜ್. ಜ."

"ಬಾಗಿಲು ಬಡೀತಾ ಇದೀಯ ನೀನು. ದುಂಬಿ ಕಿವಿ ಹತ್ರ ಬಂದ್ರೆ ಹೇಗೆ ಸದ್ದು ಮಾಡುತ್ತೆ? ಅದು."

ನಮ್ಮ ಅಕ್ಷರಮಾಲೆಯಲ್ಲಿ ದುಂಬಿ ಇಲ್ಲ, ಅದು ಇಂಗ್ಲಿಷಿನ ಜೆಡ್ಡು, ನಾನೇನು ಮಾಡಲಿ. ಎಲ್ಲರೂ ಇಲ್ಲೇ ಎಡವುತ್ತಾರಂತೆ. ಜ ಅಂದುಬಿಟ್ಟರೆ ಅದು ಅಲ್ಲೇ ಮುಗಿದುಹೋಗುತ್ತದೆ, ಅಳತೆಯೇ ತಪ್ಪುತ್ತದೆ ಅಂದರು. ಕೊನೆಗೂ ದುಂಬಿ ಬಂತು. ಬಂದದ್ದು ಅರ್ಧ ದಾರಿಯಲ್ಲೇ ಸತ್ತುಹೋಯಿತು. ಮತ್ತೆ ಮಾಡಿಸಿದರು. ಮತ್ತೆ ಸತ್ತಿತು.

'ಸ್' ಬರೀ ಉಸಿರಿನ ಕೆಲಸ, 'ಝ್' ಉಸಿರಿನ ಜೊತೆ ತಂತುಗಳೂ ಕೂಡಿ ಮಾಡುವ ಕೆಲಸ. ಎರಡೂ ಸರಿಸುಮಾರು ಒಂದೇ ಹೊತ್ತು ಬರಬೇಕು. ನನ್ನ ಉಸಿರು ಗಟ್ಟಿ ಇದೆ. ಆದರೆ ಗಂಟುಗಳಿಂದಾಗಿ ತಂತು ಪೂರ್ತಿ ಮುಚ್ಚಿಕೊಳ್ಳುತ್ತಿಲ್ಲ, ಸಂದಿಯಲ್ಲಿ ಗಾಳಿ ಸೋರುತ್ತಿದೆ. ಇಷ್ಟನ್ನು ಮೇಡಂ ಎರಡು ಕೈಯ ಅಂಗೈ ಜೋಡಿಸಿ, ನಡುವೆ ಪೆನ್ನಿನ ಕ್ಯಾಪು ಇಟ್ಟು ತೋರಿಸಿದರು.

ಆಮೇಲೆ ಪ್ರಶ್ನೆಗಳು. ಗದ್ದಲದಲ್ಲಿ ನಿನ್ನ ಮಾತು ಬೇರೆಯವರಿಗೆ ಅರ್ಥವಾಗಲು ಕಷ್ಟವಾ? ಯಾವತ್ತೂ ಇಲ್ಲ ಅಂದೆ. ದಿನದ ಕೊನೆಗೆ ದನಿ ಸುಸ್ತಾಗುತ್ತಾ? ಯಾವತ್ತೂ ಇಲ್ಲ. ಮನೆಯಲ್ಲಿ ಕರೆದರೆ ಕೇಳಿಸುತ್ತಾ? ಅಜ್ಜಿಗೆ ಕೇಳಿಸಲ್ಲ, ಆದರೆ ಅಜ್ಜಿ ಕಿವುಡಿ, ಅದು ನನ್ನ ತಪ್ಪಲ್ಲ.

"ಎಲ್ಲಾದಕ್ಕೂ ಇಲ್ಲ ಅಂತೀಯ. ನಿನ್ನನ್ನ ಇಲ್ಲಿಗೆ ಯಾಕೆ ಕಳಿಸಿದ್ರೋ." ಮೇಡಂ ಪೆನ್ನು ಕೆಳಗಿಟ್ಟರು. ಪರೀಕ್ಷೆ ಮುಗಿಯಿತು ಅಂದುಕೊಂಡೆ. "ಬಸ್ಸಲ್ಲಿ ಬಂದ್ಯಾ?"

"ಹೂಂ."

"ತಿಂಡಿ ಆಯ್ತಾ?"

"ಹೂಂ."

"ಅಮ್ಮ, ಅಜ್ಜಿ, ನೀನು, ಮೂರೇ ಜನಾನಾ?"

"ಹೂಂ."

ಕಂಪ್ಯೂಟರು ನನ್ನ ಕಡೆ ತಿರುಗಿಸಿದರು. ಮುಗಿದಿರಲಿಲ್ಲ, ಮೈಕು ಕೇಳಿಸಿಕೊಳ್ಳುತ್ತಲೇ ಇತ್ತು, ನಾನಂದದ್ದೆಲ್ಲ ಪರದೆಯ ಮೇಲೆ ಗೆರೆಯಾಗಿತ್ತು. "ನೋಡು. ನಿನ್ನ ಹೂಂ ಇಲ್ಲಿ, ಕೆಳಗೆ. ಮಾತು ಅಲ್ಲಿ, ಅಷ್ಟು ಮೇಲೆ. ಹೂಂ ಅಂತ ಅನ್ನೋವಾಗ ಯಾರೂ ನಾಟಕ ಮಾಡಲ್ಲ, ಗಂಟಲು ತನಗೆ ಹಾಯಾದ ಜಾಗದಲ್ಲೇ ನಿಲ್ಲುತ್ತೆ. ನಿನ್ನ ನಿಜವಾದ ದನಿ ಆ ಹೂಂ ಇರೋ ಕಡೆ ಇದೆ. ಹೂಂ ಅನ್ನೋಳು ಒಬ್ಬಳು, ಮಾತಾಡೋಳು ಇನ್ನೊಬ್ಬಳು. ಯಾರ ದನೀಲಿ ಮಾತಾಡ್ತಿದೀಯಮ್ಮ ನೀನು?"

ಗೂಡಿಗೆ ಹಾಕಿದೆ: ನನ್ನ ಗಂಟಲಲ್ಲಿ ಅಕ್ಕ ಇದ್ದಾಳೆ, ಕಂಪ್ಯೂಟರ್ರೇ ಹೇಳಿತು, ಹೊಟ್ಟೆ ಉರ್ಕೊಳಿ. ಹೃದಯಗಳ ಮಳೆ.

ಫೆಬ್ರವರಿ 10, ಮಂಗಳವಾರ

ಮೌನ. ಅಮ್ಮ ಕರೆದರೆ ಚಮಚದಿಂದ ಲೋಟ ಬಡಿಯುತ್ತೇನೆ. "ಇಷ್ಟು ವರ್ಷಕ್ಕೆ ಈ ಮನೇಲಿ ಒಂದು ನೆಮ್ಮದಿ ಸಿಕ್ತು" ಅಂತ ಅಮ್ಮ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು, ಬೇಕೆಂದೇ ನನಗೆ ಕೇಳಿಸುವ ಹಾಗೆ.

ಅಕ್ಕ ಎಲ್ಲ ಕಾರ್ಯಕ್ರಮ ರದ್ದು ಮಾಡಿದ್ದಾಳೆ. ಕಾರಣ ಹೇಳಿಲ್ಲ. ಗೂಡಿನಲ್ಲಿ ಒಬ್ಬ ಮದುವೆ ಅಂತಾನೆ, ಒಬ್ಬಳು ವಿದೇಶ ಅಂತಾಳೆ. ನನಗೆ ಒಳಗೊಳಗೇ ಒಂದು ಆಸೆ: ಅಕ್ಕನಿಗೂ ಗಂಟು ಬಂದಿದ್ದರೆ? ಇಬ್ಬರಿಗೂ ಒಂದೇ ಗಂಟು. ಛೇ, ಹಾಗೆಲ್ಲ ಅಂದುಕೊಳ್ಳಬಾರದು. ಅಂದುಕೊಂಡೆ.

ಫೆಬ್ರವರಿ 13, ಶುಕ್ರವಾರ

ಬೇಗ ಬರೆದುಬಿಡಬೇಕು, ಅಕ್ಷರ ಸೊಟ್ಟಗಾದರೆ ಆಗಲಿ. ಕಂಟ್ರೋಲರ್ ಸಾರ್ ಫೋನ್ ಮಾಡಿದ್ದರು. ನಮ್ಮ ಬಸ್ ಸ್ಟ್ಯಾಂಡಿಗೆ ಹೊಸ ಅನೌನ್ಸ್‌ಮೆಂಟು, ರೆಕಾರ್ಡಿಂಗು. ದನಿ ಕೊಡುವವರು ಯಾರು? ರೇಷ್ಮಕ್ಕ. ನನ್ನ ಕೋಣೆಯಲ್ಲಿ, ನನ್ನ ಸ್ಪೀಕರಿನಲ್ಲಿ, ನನ್ನ ಅಕ್ಕ.

"ಆಯಮ್ಮನಿಗೆ ನಮ್ಮ ಸ್ಟಾಪುಗಳ ಹೆಸರು ಗೊತ್ತಿರಲ್ಲ ನೋಡು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಎಳೀಬೇಕು ಅಂತ. ನೀನು ಒಂದ್ಸಲ ಎಲ್ಲಾ ಓದಿ ಕೊಟ್ರೆ, ಅದನ್ನ ಕೇಳ್ಕೊಂಡು ಅವರು ಓದ್ತಾರಂತೆ. ಮಾದರಿಗೆ ಅಷ್ಟೇ. ಓದ್ತೀಯಾ?"

"ಹೂಂ."

"ಮಾತಾಡಬಾರದು ಅಂದಿದ್ದಾರಲ್ವಾ ಡಾಕ್ಟ್ರು?"

"ಹೂಂ."

"ಪರವಾಗಿಲ್ವಾ?"

"ಹೂಂ."

"ಮೈಕಿನ ಚಿಂತೆ ಬಿಡು, ಇದೆಲ್ಲಾ ಉದ್ಘಾಟನೆ ಸಂಭ್ರಮಕ್ಕೆ. ನೀನು ಹುಷಾರಾಗಿ ಬಾ."

ಅಕ್ಕ ನನ್ನ ದನಿ ಕೇಳಿಸಿಕೊಳ್ಳುತ್ತಾಳೆ. ಕಿವಿಗೆ ಇಟ್ಟುಕೊಂಡು. ನಾನು ಹೇಳಿದ ಹಾಗೆ ಹೇಳುತ್ತಾಳೆ. ಬದುಕಿನಲ್ಲಿ ಇನ್ನೇನು ಬೇಕು ಅಂತ ನಾನು ಸುಮ್ಮನೆ ಕೇಳುತ್ತಿಲ್ಲ, ನಿಜವಾಗಲೂ ಇನ್ನೇನು ಬೇಕು?

ಫೆಬ್ರವರಿ 15, ಭಾನುವಾರ

ಮುಗಿಸಿ ಬಂದೆ. ಬಸ್ ಸ್ಟ್ಯಾಂಡಿನ ನನ್ನ ಗಾಜಿನ ಕೋಣೆಯಲ್ಲೇ ರೆಕಾರ್ಡಿಂಗು. ಫ್ಯಾನು ಆರಿಸಿ, ಕಿಟಕಿ ಸಂದಿಗೆ ಬಟ್ಟೆ ತುರುಕಿ, ರೆಕಾರ್ಡ್ ಮಾಡುವ ಕಂಪನಿಯ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಳು. ಕಂಟ್ರೋಲರ್ ಸಾರ್ ಗಾಜಿನಾಚೆ ನಿಂತು ಒಂದೊಂದೇ ನಂಬರು ಕೇಳುತ್ತಿದ್ದರು. "ಆರು ಆಯ್ತು. ಏಳಕ್ಕೆ ಹೋಗೋಣ್ವಾ?" "ಹೂಂ. ಪ್ರಯಾಣಿಕರ ಗಮನಕ್ಕೆ, ಏಳನೇ ನಂಬರಿನ ಬಸ್ಸು..." ಹಾಗೆ, ಎಲ್ಲ ಸ್ಟಾಪು. ಹಳೇ ಸೇತುವೆ, ಆಸ್ಪತ್ರೆ ತಿರುವು, ಗಿರಣಿ ಬಾಗಿಲು.

ಪೂರ್ತಿ ಅಕ್ಕನ ದನಿಯಲ್ಲೇ ಓದಿದೆ. ಅಕ್ಕನಿಗೆ ಕೇಳಿಸುವಾಗ ಅಕ್ಕನ ಹಾಗೇ ಇರಬೇಡವಾ? ಕೊನೆಕೊನೆಗೆ 'ಗಮನಕ್ಕೆ'ಯ 'ಮ'ದಲ್ಲಿ ದನಿ ಜಾರಿ ಬರೀ ಗಾಳಿ ಬಂತು. ನೀರು ಕುಡಿದು ಓದಿದೆ. ನುಂಗಿದರೆ ಮರಳು ನುಂಗಿದ ಹಾಗೆ.

ಹುಡುಗಿ ತಲೆಯೆತ್ತಿ, "ನೀವು ಥೇಟ್ ಅವರ ಥರಾನೇ ಇದೀರಲ್ಲ" ಅಂದಳು. ಇದನ್ನು ಫ್ರೇಮ್ ಹಾಕಿಸಬೇಕು.

ಫೆಬ್ರವರಿ 20, ಶುಕ್ರವಾರ

ಮೇಡಂ ಬೈದರು. ಮೆತ್ತಗೇ ಬೈದರು, ಅದು ಇನ್ನೂ ಕೆಟ್ಟದು. 'ಝ್' ಹೋದ ಸಲಕ್ಕಿಂತ ಗಿಡ್ಡ. 'ಆ' ಅಂತ ಎಳೆದರೆ ಒಡಕು ಮಡಕೆ.

"ಯಾರು ಓದಿಸಿದ್ದು?"

"ನಾನೇ ಒಪ್ಪಿದ್ದು."

"ಹೇಗೆ ಒಪ್ಪಿದೆ?"

"ಹೂಂ ಅಂದೆ."

ಮೇಡಂ ಪರದೆಯಲ್ಲಿ ಕೆಳಗಿದ್ದ ಗೆರೆ ತೋರಿಸಿದರು. "ನಿನ್ನ ಸ್ವಂತ ದನೀಲಿ ನೀನು ಆಡೋದು ಆ ಒಂದೇ ಮಾತು. ಅದನ್ನೂ ಹೀಗೆ ಹಂಚ್ತೀಯಲ್ಲ."

ಅರ್ಥವಾಗಲಿಲ್ಲ. ಬರೆದಿಟ್ಟುಕೊಂಡಿದ್ದೇನೆ.

ಮನೆಪಾಠ ಕೊಟ್ಟಿದ್ದಾರೆ. ಲೋಟದ ನೀರಿಗೆ ಸ್ಟ್ರಾ ಹಾಕಿ, ಗುಳುಗುಳು ಅನ್ನಿಸುತ್ತಾ 'ಊ' ಅನ್ನಬೇಕು. ಆಮೇಲೆ ಹೂಂ ಅಂದು, ಅದೇ ಎತ್ತರದಲ್ಲಿ ಒಂದೊಂದು ಪದ. ಹೂಂ, ನೀರು. ಹೂಂ, ಬಾಗಿಲು. ಹೂಂ, ಬಸ್ಸು ಬಂತು. ಅಕ್ಕನ ದನಿ ಬಂದರೆ ತಕ್ಷಣ ನಿಲ್ಲಿಸಬೇಕು.

ಅಮ್ಮ ಬಂದು ನೋಡಿದರು. "ಮದುವೆ ವಯಸ್ಸಿಗೆ ಬಂದೋಳು ಲೋಟದಲ್ಲಿ ಗುಳ್ಳೆ ಬಿಡ್ತಾ ಕೂತಿದೀಯಲ್ಲೇ. ಕಾಗದದ ದೋಣಿ ಮಾಡಿಕೊಡ್ಲಾ?"

ಫೆಬ್ರವರಿ 26, ಗುರುವಾರ

ಗುಳುಗುಳು. ಹೂಂ, ನೀರು. ಹೂಂ, ಬಾಗಿಲು. ಈ ದನಿ ನನಗೆ ಹಿಡಿಸಿಲ್ಲ. ಯಾರೋ ನಿದ್ದೆಯಿಂದ ಎದ್ದು ಬಂದ ಹಾಗಿದೆ.

ಮಾರ್ಚ್ 2, ಸೋಮವಾರ

ಉದ್ಘಾಟನೆ. ಹೋಗಿದ್ದೆ. ಅಕ್ಕ ಬರಲಿಲ್ಲ. ಎರಡಾಳೆತ್ತರದ ಫೋಟೋ ಬಂದಿತ್ತು, ಹುಳಗಳೆಲ್ಲ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು. ದೊಡ್ಡಹುಳವನ್ನು ಮೊದಲ ಸಲ ನೋಡಿದೆ, ತಲೆ ಬೋಳಾಗುತ್ತಿರುವ ಒಬ್ಬ ಔಷಧಿ ಅಂಗಡಿಯವರು. ಯಾರೋ ಗುಂಡಿ ಒತ್ತಿದರು.

ಮೊದಲನೇ ನಂಬರು. ಎರಡನೇ ನಂಬರು. ಎಷ್ಟು ಚೆನ್ನಾಗಿ ಅನುಕರಿಸಿದ್ದಾಳೆ ಅಕ್ಕ ನನ್ನನ್ನ, ಅಂದುಕೊಂಡೆ. ಹೀಗೇ ಅಂದುಕೊಂಡೆ, ಸುಳ್ಳು ಬರೆಯುತ್ತಿಲ್ಲ. ನಿಲ್ಲಿಸುವ ಕಡೆ ನಿಲ್ಲಿಸಿ, ಎಳೆಯುವ ಕಡೆ ಎಳೆದು. 'ಗಮನಕ್ಕೆ'ಯ 'ಮ'ದಲ್ಲಿ ಗಾಳಿ. ಅದನ್ನೂ ಯಾಕೆ ಅನುಕರಿಸಿದಳು?

ಆಮೇಲೆ ಏಳು ಬಂತು.

"ಹೂಂ. ಪ್ರಯಾಣಿಕರ ಗಮನಕ್ಕೆ, ಏಳನೇ ನಂಬರಿನ ಬಸ್ಸು..."

ಆ ಹೂಂ ಕತ್ತರಿಸಲು ಮರೆತಿದ್ದಾರೆ. ಕಂಟ್ರೋಲರ್ ಸಾರ್ ಗಾಜಿನಾಚೆ 'ಹೋಗೋಣ್ವಾ' ಅಂದಿದ್ದಕ್ಕೆ ನಾನು ಅಂದ ಹೂಂ. ಕೆಳಗಿನ ದನಿ. ಮೇಡಂ ಪರದೆಯ ಮೇಲೆ ಬೆರಳಿಟ್ಟು ತೋರಿಸಿದ ದನಿ.

ಸುತ್ತ ಚಪ್ಪಾಳೆ. ಪಕ್ಕದ ಹುಡುಗಿ ನನ್ನ ತೋಳು ಹಿಡಿದು, "ಕೇಳಿದ್ಯಾ ಆ ಹೂಂ? ನಂಗೆ ಜುಮ್ಮಂತು" ಅಂದಳು.

ಕಂಟ್ರೋಲರ್ ಸಾರ್ ಹತ್ತಿರ ಹೋದೆ. ಅವರು ನನ್ನನ್ನು ಕಂಬದ ಮರೆಗೆ ಕರೆದುಕೊಂಡು ಹೋದರು.

"ಆಯಮ್ಮಂಗೂ ಗಂಟಲು ಕೂತಿದ್ಯಂತೆ. ಮಾತೇ ಬರ್ತಿಲ್ವಂತೆ. ಫೋಟೋ ಪ್ರಿಂಟ್ ಆಗಿತ್ತು, ಕಾರ್ಡ್ ಹಂಚಿಯಾಗಿತ್ತು. ಕಂಪನಿಯವರು ನಿಂದೇ ಸ್ವಲ್ಪ ನೈಸ್ ಮಾಡಿ ಹಾಕಿದ್ರು. ಏನೀಗ? ನಿಂಗೆ ಆಯಮ್ಮ ಅಂದ್ರೆ ಪ್ರಾಣ ಅಲ್ವಾ. ಖುಷಿಪಡು."

ಖುಷಿಪಡಲು ನೋಡಿದೆ.

ಮಾರ್ಚ್ 3, ಮಂಗಳವಾರ

ಆ ಹೂಂ ಈಗ ಎಲ್ಲರ ಫೋನಿನ ರಿಂಗು. 'ನಮಗೋಸ್ಕರ ಹೂಂ ಅಂದಳು ಅಕ್ಕ.' 'ಇಂಥ ಹೂಂ ಕಲಿತು ಬರಲ್ಲ, ಹುಟ್ಟಿ ಬರಬೇಕು.' 'ಹೂಂ ಅಂದರೆ ಅಮ್ಮ ಕಂಡ ಹಾಗಾಯ್ತು.'

ನಾನು ಬರೆದೆ: ಅದು ನನ್ನ ಹೂಂ. ರೆಕಾರ್ಡಿಂಗ್ ಪೂರ್ತಿ ನಂದು, ಅಕ್ಕನಿಗೆ ದನಿ ಇಲ್ಲ.

ಮೊದಲು ನಕ್ಕರು. 'ಮೈಕು, ಗುಳಿಗೆ ತಗೊಂಡ್ಯಾ?' ಆಮೇಲೆ ನಗಲಿಲ್ಲ. 'ಅಕ್ಕನ ಗಂಟಲಿಗೆ ಶಾಪ ಹಾಕ್ತೀಯಾ.' 'ಮಿಮಿಕ್ರಿ ಮಾಡೋರಿಗೆಲ್ಲ ಕೊನೆಗೆ ಇದೇ ಭ್ರಮೆ.' ಹೋದ ವರ್ಷದ ಆಟ ನೆನಪಿಸಿದೆ. ನೀವೇ ತಾನೆ ನನ್ನದನ್ನು ಅಪ್ಪಟ ಅಕ್ಕ ಅಂದದ್ದು ಅಂತ ದೊಡ್ಡಹುಳವನ್ನು ಕೇಳಿದೆ. ದೊಡ್ಡಹುಳ ನನ್ನನ್ನು ಗೂಡಿನಿಂದ ತೆಗೆಯಿತು.

ನಾನು ಹೋದಮೇಲೆ ಏನೇನಂದರೋ. ಅದನ್ನೂ ಓದಲಾಗದು.

ಮಾರ್ಚ್ 5, ಗುರುವಾರ

ಅಜ್ಜಿಗೆ ಮಾತ್ರೆ ಕೊಡುವಾಗ, "ಹೂಂ, ನೀರು ಕುಡಿ" ಅಂದೆ, ಅಭ್ಯಾಸದ ಎತ್ತರದಲ್ಲೇ. ಅಜ್ಜಿ ಕುಡಿದು, "ಬಿಸಿ ಮಾಡಬಾರದಿತ್ತೇನೇ" ಅಂದರು.

"ಕೇಳಿಸ್ತಾ ನಿಂಗೆ?"

"ಕೇಳಿಸದೇ ಏನು, ನಂಗೇನು ಕಿವುಡಾ? ಇಷ್ಟು ದಿನ ನೀನು ಕೀ ಕೀ ಅಂತಿದ್ದೆ, ಏನಂತ ಕೇಳಿಸ್ಕೊಳ್ಲಿ. ಈಗ ಮನುಷ್ಯರ ಥರ ಮಾತಾಡ್ತಿದೀಯ."

ಸರಿ, ಇರಲಿ. ರೇಷ್ಮಕ್ಕನಿಗೇ ನೇರ ಸಂದೇಶ ಹಾಕಿದೆ. 'ಆ ಹೂಂ ನಂದು. ನಿಮಗೆ ಗೊತ್ತಾ?' ಇಷ್ಟೇ. ಹಿಂದೆಲ್ಲ ಪುಟಗಟ್ಟಲೆ ಬರೆಯುತ್ತಿದ್ದೆ, ಯಾವತ್ತೂ ಉತ್ತರ ಬಂದದ್ದಿಲ್ಲ.

ಮಾರ್ಚ್ 6, ಶುಕ್ರವಾರ

ಮೂರನೇ ಪರೀಕ್ಷೆ. 'ಸ್' ಎಳೆದೆ, 'ಝ್' ಎಳೆದೆ. ದುಂಬಿ ಕೋಣೆಯ ಆಚೆ ಗೋಡೆಯ ತನಕ ಹಾರಿತು. ಕ್ಯಾಮೆರಾದಲ್ಲೂ ಗಂಟು ಮೆತ್ತಗಾಗಿ, ತಗ್ಗಿ, ಇದೆಯೋ ಇಲ್ಲವೋ ಅನ್ನುವ ಹಾಗಿದೆಯಂತೆ. ಅದೇ ಪ್ರಶ್ನೆಗಳಿಗೆ ಈ ಸಲ ಬೇರೆ ಉತ್ತರ ಕೊಟ್ಟೆ. ಗದ್ದಲದಲ್ಲಿ ಅರ್ಥವಾಗಲು ಕಷ್ಟವಾ? ಯಾವಾಗಲೂ.

ಮೇಡಂ ನಕ್ಕರು. "ದನಿ ಸರಿಹೋದಾಗ ಕಷ್ಟ ಅಂತಿದೀಯ."

ಬಸ್ ಸ್ಟ್ಯಾಂಡಿನ ವಿಷಯ ಹೇಳಿದೆ. ಫೋನಿನಲ್ಲಿದ್ದ ಏಳನೇ ನಂಬರು ಕೇಳಿಸಿದೆ. ಅವರು ಮೊದಲ ದಿನದ ನನ್ನ ಹೂಂ ತೆಗೆದು ಅದರ ಪಕ್ಕ ಇಟ್ಟರು. ಎರಡು ಗೆರೆ, ಒಂದರ ಮೇಲೊಂದು ಇಟ್ಟರೆ ಒಂದೇ ಗೆರೆ. ತಿಂಡಿ ಆಯ್ತಾ ಅಂದಿದ್ದಕ್ಕೆ ಅಂದ ಹೂಂ.

"ನಿನ್ನ ದಾಖಲೆ ನಾನಾಗಿ ಯಾರಿಗೂ ತೋರಿಸೋ ಹಾಗಿಲ್ಲ. ನೀನು ಕೇಳಿದ್ರೆ ಕೊಡ್ತೀನಿ. ಕೇಳ್ತೀಯಾ?"

ಹೂಂ ಅನ್ನಲು ಬಾಯಿ ತೆರೆದೆ. ಬರಲಿಲ್ಲ. ಯೋಚಿಸಿ ಹೇಳುತ್ತೇನೆ ಅಂದೆ. ಕೆಲಸಕ್ಕೆ ಹೋಗಬಹುದು ಅಂತ ಬರೆದ ಕಾಗದ ಮಾತ್ರ ತೆಗೆದುಕೊಂಡು ಬಂದೆ.

ಮಾರ್ಚ್ 7, ಶನಿವಾರ

ರೇಷ್ಮೆಯಿಂದ ಉತ್ತರ ಬಂತು. ಕೈಮುಗಿದ ಚಿತ್ರ ಒಂದು. ಅದರ ಕೆಳಗೆ, 'ಥ್ಯಾಂಕ್ಸ್ ಮರಿ. ಯಾರಿಗೂ ಬೇಡ.' ನಾನು ಬರೆಯಲು ಶುರುಮಾಡುವಷ್ಟರಲ್ಲಿ ಅವರ ಫೋಟೋ ಬೂದು ಬಣ್ಣಕ್ಕೆ ತಿರುಗಿತು. ಬ್ಲಾಕು.

ಪಾಪ, ಅವರಿಗೂ ಗಂಟು. ಯಾರಾದರೂ ಅವರಿಗೆ ಗುಳುಗುಳು ಕಲಿಸಿದ್ದಾರೋ ಇಲ್ಲವೋ.

ಪಾಪ ಅನ್ನಿಸಿದ್ದಕ್ಕೇ ಸಿಟ್ಟು ಬರುತ್ತಿದೆ.

ಮಾರ್ಚ್ 9, ಸೋಮವಾರ

ಕಾಗದ ಕೊಟ್ಟೆ. ಕಂಟ್ರೋಲರ್ ಸಾರ್ ಪೂರ್ತಿ ಓದಿ, ಮಡಚಿ, ನನಗೇ ವಾಪಸು ಕೊಟ್ಟರು. "ದನಿ ಸರಿಯಾಯ್ತಲ್ಲ, ಒಳ್ಳೇದಾಯ್ತು. ಆದ್ರೆ ಮೈಕ್ ಎಲ್ಲಿದ್ಯಮ್ಮ ಈಗ?"

ಗಾಜಿನ ಕೋಣೆಯಲ್ಲಿ ಮೈಕಿರಲಿಲ್ಲ. ಮೈಕಿನ ಜಾಗದಲ್ಲಿ ಮೇಜಿನ ಮೇಲೆ ಒಂದು ದುಂಡನೆ ಕಲೆ, ಅದರ ಪಕ್ಕ ಸಾಲಾಗಿ ಗುಂಡಿಗಳಿದ್ದ ಒಂದು ಪೆಟ್ಟಿಗೆ.

"ಕೆಲಸ ಏನು ಹೋಗಿಲ್ಲ. ಬಸ್ಸು ಬಂದ ಹಾಗೆ ಗುಂಡಿ ಒತ್ತು. ಗಂಟಲಿಗೂ ಆರಾಮ."

"ಅದು ನನ್ನ ದನಿ ಸಾರ್."

"ಈಗೆಲ್ಲಿದೆ ಆ ದನಿ? ನೀನೀಗ ಮಾತಾಡ್ತಿರೋದು ಬೇರೆ ಥರ ಇದೆ. ನೀನೇ ಹೋಗಿ ನಂದು ಅಂತ ಹೇಳಿದ್ರೂ ಯಾರು ನಂಬ್ತಾರೆ?" ಅವರು ಕೆಟ್ಟ ಮನುಷ್ಯರಲ್ಲ. ಕುರ್ಚಿಯ ಧೂಳು ತಮ್ಮ ಕರ್ಚೀಫಿನಿಂದಲೇ ಒರೆಸಿಕೊಟ್ಟರು. "ಆಯಮ್ಮನ ಹೆಸರಿಂದ ಜನ ಬರ್ತಿದಾರೆ, ಮೇಲಿನವರು ಖುಷಿಯಾಗಿದಾರೆ. ಇದು ನಮ್ಮಿಬ್ಬರ ಮಧ್ಯೆ ಇರ್ಲಿ. ಆಯ್ತಾ?"

ಕಾದರು. ಅವರಿಗೆ ಗೊತ್ತು, ನಾನು ಏನನ್ನುತ್ತೇನೆಂದು. ಇಷ್ಟು ವರ್ಷ ಗಾಜಿನಾಚೆಯಿಂದ ಕೇಳಿದ್ದಕ್ಕೆಲ್ಲ ಅದನ್ನೇ ಅಂದಿದ್ದೇನೆ.

ಅಷ್ಟರಲ್ಲಿ ಏಳನೇ ನಂಬರು ಬಂತು. ಅವರೇ ಬಗ್ಗಿ ಗುಂಡಿ ಒತ್ತಿದರು. ಸ್ಪೀಕರು ಹೂಂ ಅಂದಿತು.

"ಸರಿ ಹಾಗಾದ್ರೆ," ಅಂತ ಹೊರಟುಹೋದರು.

ನಾನು ಬಾಯಿ ಬಿಟ್ಟಿರಲಿಲ್ಲ.

ಮಾರ್ಚ್ 10, ಮಂಗಳವಾರ

ಬೆಳಗಿನಿಂದ ಗುಂಡಿ ಒತ್ತಿದೆ. ಸ್ಟ್ಯಾಂಡಿನಲ್ಲಿ ಹುಳಗಳು ಏಳನೇ ನಂಬರಿಗಾಗಿಯೇ ಬಂದು ನಿಲ್ಲುತ್ತಾರೆ, ಬಸ್ಸು ಹತ್ತುವುದಿಲ್ಲ. ಹೂಂ ಕೇಳಿಸಿಕೊಂಡು ಎದೆ ಮುಟ್ಟಿಕೊಂಡು ಹೋಗುತ್ತಾರೆ. ದೊಡ್ಡಹುಳ, ಆ ಔಷಧಿ ಅಂಗಡಿಯವರೂ ಬಂದಿದ್ದರು. ಗಾಜಿನೊಳಗೆ ಕೂತ ನನ್ನನ್ನು ನೋಡಿದರು, ಗುರುತು ಹತ್ತಲಿಲ್ಲ. ಕಿಟಕಿಗೆ ಬಂದು, "ಏಳು ಇನ್ನೊಂದ್ಸಲ ಹಾಕ್ತೀರಾ ಮೇಡಂ?" ಅಂದರು.

"ಊಹೂಂ," ಅಂದೆ. ಮೆತ್ತಗೆ, ಕೆಳಗಿನ ದನಿಯಲ್ಲಿ. ಎಲ್ಲೂ ಒಡೆಯಲಿಲ್ಲ, ಗಾಳಿ ಸೋರಲಿಲ್ಲ.

ಅವರು ಒಂದು ಗಳಿಗೆ ತಲೆ ಓರೆ ಮಾಡಿ ನಿಂತರು. ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನುವ ಮುಖ. ಆಮೇಲೆ ಎರಡಾಳೆತ್ತರದ ಫೋಟೋ ಕಡೆ ನೋಡಿ, ತಲೆ ಕೊಡವಿಕೊಂಡು ಹೋದರು.

ನಾಳೆ ಶುಕ್ರವಾರವಲ್ಲ, ಆದರೂ ಮೇಡಂ ಹತ್ತಿರ ಹೋಗಿ ಆ ಎರಡು ಗೆರೆ ಕೇಳಿ ತರುತ್ತೇನೆ. ತಂದು ಇದೇ ಗಾಜಿಗೆ, ಒಳಗಿಂದಲ್ಲ, ಹೊರಗಿಂದ ಅಂಟಿಸುತ್ತೇನೆ. ಆಮೇಲೆ ಕುರ್ಚಿ ಹೋದರೆ ಹೋಗಲಿ. ಹುಳಗಳೇ, ನಕಲಿ ಯಾವುದು ಅಂತ ಕಣ್ಣು ಮುಚ್ಚಿ ಹುಡುಕಿದಿರಿ, ಸೋತಿರಿ. ಈಗ ಕಣ್ಣು ಬಿಟ್ಟುಕೊಂಡು, ಫೋಟೋ ನೋಡದೆ ನನ್ನನ್ನು ನೋಡಿ ಹೇಳಿ: ನಿಮಗೆ ಜುಮ್ಮೆನಿಸಿದ ಆ ಹೂಂ ಯಾರದು?